ಪೇಂಟ್ ಆದ್ಮೇಲೆ ಹೆಡ್‌ಲೈಟ್ ಮಂಕಾಗಿತ್ತು, ಸರಿ ಮಾಡಿದ್ದು ಹೀಗೆ

ಮನೇಲೇ ಹಳೇ ಕಾರ್ಬುರೇಟರ್ ಕಾರು ರೆಡಿ ಮಾಡ್ತಿದ್ದೆ, ತುಕ್ಕು ಕೆರೆದು ಪೇಂಟ್ ಹೊಡೆದು ಎಲ್ಲ ವಾಪಸ್ ಜೋಡಿಸಿದ್ಮೇಲೆ ಹೆಡ್‌ಲೈಟ್ ಹಳದಿ ಮಂಕು, ಇಂಡಿಕೇಟರ್ ಹಾಕಿದ್ರೆ ಅದ್ರ ಜೊತೆಗೇ ಲೈಟೂ ಮಿಣಮಿಣ, ಸ್ಟಾರ್ಟರೂ ಎಳೆದೆಳೆದು ತಿರುಗೋದು. ಹೊಸ ಬ್ಯಾಟರಿ, ಹೊಸ 60/55 ವ್ಯಾಟ್ ಬಲ್ಬ್, ರಿಲೇ ಕಿಟ್ ಎಲ್ಲ ಹಾಕ್ದೆ, ಏನೂ ಬದಲಾಗ್ಲಿಲ್ಲ. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸರಿಯಾಗೇ 14.2 ವೋಲ್ಟ್ ಕೊಡ್ತಿತ್ತು, ಅದನ್ನ ಬಿಚ್ಚಿಸಿದ್ದು ದಂಡ.

ಕೊನೆಗೆ ಸಿಕ್ಕಿದ್ದು ಮಲ್ಟಿಮೀಟರಲ್ಲಿ. ಡಿಸಿ 20 ವೋಲ್ಟ್‌ಗೆ ಇಟ್ಟು ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ಪ್ರೋಬ್ ಬಾಡಿಯ ಪೇಂಟ್ ಇಲ್ಲದ ಜಾಗಕ್ಕೆ, ಹೆಡ್‌ಲೈಟ್ ಆನ್ ಇರ್ಲೇಬೇಕು, ಇಲ್ಲಾಂದ್ರೆ ಸೊನ್ನೆ ತೋರ್ಸಿ ದಾರಿ ತಪ್ಪಿಸತ್ತೆ. 0.2 ವೋಲ್ಟ್ ಒಳಗೆ ಇರ್ಬೇಕಾದ್ದು 1.4 ಬಂತು. ಅರ್ತಿಂಗ್ ಬೋಲ್ಟ್ (ಬ್ಯಾಟರಿ ನೆಗೆಟಿವ್ ಕೇಬಲನ್ನ ಬಾಡಿಗೆ ಬಿಗಿಯೋದು) ಬಿಚ್ಚಿದ್ರೆ ಲಗ್, ಅಂದ್ರೆ ಕೇಬಲ್ ತುದಿಯ ಲೋಹದ ಬಳೆ, ಅದರ ಕೆಳಗೆ ಪ್ರೈಮರ್, ಪೇಂಟ್ ಎರಡೂ ಕೂತು ಕರೆಂಟ್‌ಗೆ ಅಡ್ಡ ಆಗಿತ್ತು.

ಮೊದ್ಲು ಬ್ಯಾಟರಿ ನೆಗೆಟಿವ್ ತೆಗೀರಿ. ಬೋಲ್ಟ್ ಸುತ್ತ ಎರಡು ರೂಪಾಯಿ ನಾಣ್ಯದಷ್ಟು ಜಾಗ 80 ನಂಬರ್ ಸ್ಯಾಂಡ್‌ಪೇಪರಲ್ಲಿ ತಗಡು ಹೊಳೆಯೋವರೆಗೂ ಉಜ್ಜಿ, ಲಗ್ಗಿನ ಎರಡೂ ಮುಖಾನೂ ಉಜ್ಜಿ, ಸ್ಟಾರ್ ವಾಷರ್ ಹಾಕಿ ಟೈಟ್ ಮಾಡಿ, ಪೆಟ್ರೋಲಿಯಂ ಜೆಲ್ಲಿ ಟೈಟ್ ಮಾಡಿದ್ಮೇಲೆ ಮಾತ್ರ, ಮೇಲಿಂದ. ಎಂಜಿನ್‌ನಿಂದ ಬಾಡಿಗೆ ಬರೋ ಅರ್ತಿಂಗ್ ಸ್ಟ್ರ್ಯಾಪೂ (ದಪ್ಪ ತಂತಿ) ನೋಡಿ, ನಂದು ಒಳಗೆಲ್ಲ ಹಸಿರು ಕಟ್ಟಿತ್ತು, 16 ಸ್ಕ್ವೇರ್ ಎಂಎಂ ಕೇಬಲ್ ಹೊಸದು ಹಾಕ್ದೆ. ನೆಗೆಟಿವ್ ಕೊನೇಲಿ ಹಾಕಿ. ಈಗ ಅದೇ ಟೆಸ್ಟಲ್ಲಿ 0.08 ಬರ್ತಿದೆ, ಲೈಟ್ ಬೆಳ್ಳಗಿದೆ, ಸ್ಟಾರ್ಟರ್ ಒಂದೇ ಏಟಿಗೆ ತಿರುಗತ್ತೆ.