ಸಂತೆ ದಿನದ ಪ್ರಬಂಧಕ್ಕೆ ಎಷ್ಟು ಅಂಕ?

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಪ್ರಬಂಧ ಅಂದರೆ ನಮ್ಮ ಮಕ್ಕಳಿಗೆ ಬಾಯಿಪಾಠ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ, ಕೆಳಗೆ ಗೆರೆ ಎಳೆದು, ಗೈಡ್‌ನಲ್ಲಿ ಇದ್ದದ್ದನ್ನು ಇಳಿಸುತ್ತಾರೆ. ನಾನೂ ವರ್ಷಗಟ್ಟಲೆ ಅದಕ್ಕೇ ಅಂಕ ಹಾಕುತ್ತಾ ಬಂದೆ. ಅಕ್ಷರ ದುಂಡಗಿದ್ದರೆ, ಕೊನೆಗೊಂದು ಗಾದೆ ಇದ್ದರೆ ಹತ್ತಕ್ಕೆ ಎಂಟು.

ಮನವೊಲಿಸುವ ಪ್ರಬಂಧಕ್ಕೆ ಇದು ಸಾಲುವುದಿಲ್ಲ ಅಂತ ಗೊತ್ತಾಗಿದ್ದು ಒಂದು ಸೋಮವಾರ. ಅವತ್ತು ನಮ್ಮೂರ ಸಂತೆ. ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ ಏಳನೇ ತರಗತಿ ಅರ್ಧ ಖಾಲಿ. ಉಳಿದವರನ್ನೇ ಕೇಳಿದೆ: 'ಸಂತೆ ದಿನ ಶನಿವಾರದ ಹಾಗೆ ಬೆಳಗಿನ ಶಾಲೆ ಮಾಡಬೇಕಾ, ಬೇಡವಾ?' ಜಗಳವೇ ಶುರುವಾಯಿತು. ಸರಿ, ಮಾರನೇ ದಿನ ಎಲ್ಲರಿಗೂ ಅದನ್ನೇ ಬರೆಯಲು ಕೊಟ್ಟೆ. 'ಎಚ್ಚೆಮ್ ಸರ್ ಓದುತ್ತಾರೆ, ಅವರು ಒಪ್ಪುವ ಹಾಗೆ ಬರೆಯಿರಿ' ಅಂದೆ. ಎಚ್ಚೆಮ್ ಅಂದರೆ ನಮ್ಮ ಮುಖ್ಯೋಪಾಧ್ಯಾಯರು. ಆ ವರ್ಷದ ಎರಡನೇ ರೂಪಣಾತ್ಮಕ ಮೌಲ್ಯಮಾಪನಕ್ಕೆ (ಕಲಿಕೆಯ ನಡುನಡುವೆ ಮಕ್ಕಳನ್ನು ಅಳೆಯುವುದು) ಅದೇ ಒಂದು ಚಟುವಟಿಕೆ ಆಯಿತು.

ಹಾಳೆಗಳನ್ನು ಮನೆಗೆ ತಂದು ಹಳೇ ಅಭ್ಯಾಸದಲ್ಲೇ ತಿದ್ದಿದೆ. ಒಂದು ಹಾಳೆ ಹೀಗೆ ಶುರುವಾಗಿತ್ತು: 'ಸಂತೆಯು ನಮ್ಮ ಗ್ರಾಮೀಣ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿದೆ.' ಒಂದು ತಪ್ಪಿಲ್ಲ, ಕಣ್ಣಿಗೆ ಒತ್ತಿಕೊಳ್ಳುವಂಥ ಅಕ್ಷರ. ಒಂಬತ್ತು ಕೊಟ್ಟೆ. ಇನ್ನೊಂದು ಹಾಳೆ ಹಿಂದಿನ ಬೆಂಚಿನ ಹುಡುಗನದು. ಅದರಲ್ಲಿದ್ದದ್ದು ಇಷ್ಟು:

'ನಮ್ಮಮ್ಮ ಸೊಪ್ಪು ಮಾರುತಾರೆ. ಸಂಜೆ ತನಕ ಇಟ್ಟರೆ ಬಾಡುತ್ತೆ. ನಾನು ಹೋದರೆ ಎರಡು ಕಡೆ ಕೂತು ಬೇಗ ಮಾರಬಹುದು. ಸರ್ ಹೇಳಬಹುದು ಪಾಟ ಹೋಗುತ್ತೆ ಅಂತ. ಈಗಲೂ ಹೋಗ್ತಾ ಇದೆ. ಹೋದ ಸೋಮವಾರ ಮದ್ಯಾನ 11 ಜನ ಇರಲಿಲ್ಲ. ಹಾಜರಿ ನೋಡಿ.'

ಮಹಾಪ್ರಾಣ ಇಲ್ಲ, ಪೀಠಿಕೆ ಇಲ್ಲ. ನಾಲ್ಕು ಹಾಕಿದೆ. ರಾತ್ರಿ ಮಲಗಿದ ಮೇಲೆ ಆ ಸೊಪ್ಪು ತಲೆಯಿಂದ ಹೋಗಲೇ ಇಲ್ಲ. ಒಂಬತ್ತು ಅಂಕದ ಹಾಳೆಯ ಒಂದು ಸಾಲೂ ನೆನಪಿಗೆ ಬರಲಿಲ್ಲ. ಯಾವುದು ಮನವೊಲಿಸಿತು ಅಂತ ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಎದುರಿಗಿರುವವರು ಏನು ಹೇಳುತ್ತಾರೆ ಅಂತ ಮೊದಲೇ ಯೋಚಿಸಿ, ಅದಕ್ಕೆ ಹಾಜರಿ ಪುಸ್ತಕದಿಂದಲೇ ಉತ್ತರ ತಂದಿದ್ದ ಆ ಹುಡುಗ. ಹನ್ನೆರಡು ವರ್ಷದ ಮಗು. ನಾನು ಅವನ 'ಪಾಟ'ಕ್ಕೆ ಕೆಂಪು ಗೆರೆ ಎಳೆದು ಮುಂದೆ ಹೋಗಿದ್ದೆ.

ಎಲ್ಲ ಅಂಕ ಹೊಡೆದುಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಹತ್ತರ ಬದಲು 20 ಅಂಕ ಇಟ್ಟು ಹೀಗೆ ಹಂಚಿದೆ: ತನ್ನ ನಿಲುವು ಏನು ಅಂತ ಸ್ಪಷ್ಟವಾಗಿ ಹೇಳಿದ್ದಕ್ಕೆ 3, ಕಾರಣ ಮತ್ತು ಅದಕ್ಕೆ ಆಧಾರ 7, ಎದುರು ಮಾತಿಗೆ ಉತ್ತರ 4, ಒಂದು ಮಾತಿನಿಂದ ಇನ್ನೊಂದಕ್ಕೆ ಜೋಡಣೆ 3, ಕಾಗುಣಿತ ಮತ್ತು ವಾಕ್ಯ 3. ಕಾಗುಣಿತ ಬೇಡ ಅಂತಲ್ಲ. ಅದಕ್ಕೆ ಬೇರೆ ಜಾಗ ಬೇಕು, ಅಷ್ಟೇ. ಒಟ್ಟಿಗೆ ನೋಡಿದರೆ ತಪ್ಪಕ್ಷರ ಮಿಕ್ಕಿದ್ದನ್ನೆಲ್ಲ ನುಂಗಿಬಿಡುತ್ತದೆ.

ಕಾರಣಕ್ಕೆ ಅಂಕ ಕೊಡುವುದೇ ಕಷ್ಟದ ಕೆಲಸ. ಮೊದಮೊದಲು ಬೇರೊಂದು ಪ್ರಬಂಧಕ್ಕೆ 'ಮೂರು ಕಾರಣ ಇರಬೇಕು' ಅಂತ ಹೇಳಿ ಕೆಟ್ಟೆ. 'ಆರೋಗ್ಯಕ್ಕೆ ಒಳ್ಳೆಯದು', 'ಕಾಯಿಲೆ ಬರುವುದಿಲ್ಲ', 'ದೇಹ ಗಟ್ಟಿಯಾಗುತ್ತದೆ' ಅಂತ ಒಂದೇ ಕಾರಣವನ್ನು ಮೂರು ಸಲ ಬರೆದರು. ಎಣಿಸಿದರೆ ಮೂರು, ತೂಗಿದರೆ ಒಂದು. ಈಗ ಪ್ರತಿ ಕಾರಣದ ಪಕ್ಕ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತೇನೆ: 'ಹೇಗೆ ಗೊತ್ತು?' ಉತ್ತರ ಹಾಳೆಯಲ್ಲೇ ಇದ್ದರೆ ಅಂಕ. ಕಣ್ಣಾರೆ ಕಂಡದ್ದು, ಎಣಿಸಿದ್ದು, ಅಜ್ಜಿಯನ್ನು ಕೇಳಿ ತಿಳಿದದ್ದು ಎಲ್ಲವೂ ಆಧಾರವೇ. 'ಎಲ್ಲರೂ ಹೇಳುತ್ತಾರೆ' ಅನ್ನುವುದು ಆಧಾರ ಅಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಸಂತೆ ದಿನವೂ ಪೂರ್ತಿ ಶಾಲೆ ನಡೆಯಬೇಕು ಅನ್ನುವವಳು ನಾನು. ಎರಡನೇ ಸಲ ತಿದ್ದುವಾಗ ನೋಡಿದರೆ, 'ಬೇಡ' ಅಂದವರಿಗೆ ನನ್ನ ಕೈ ಸಡಿಲ, 'ಬೇಕು' ಅಂದವರಿಗೆ ಬಿಗಿ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ, ಅಲ್ವಾ? ಮಿಸ್‌ಗೆ ಏನು ಇಷ್ಟವೋ ಅದನ್ನೇ ಬರೆದುಕೊಟ್ಟು ಸುಮ್ನೆ ಆಗುತ್ತಾರೆ. ಅದಕ್ಕೇ ಈಗ ಹೆಸರಿನ ಭಾಗ ಮಡಚಿ, 'ಬೇಕು' ಮತ್ತು 'ಬೇಡ' ಎರಡು ಕಟ್ಟು ಮಾಡುತ್ತೇನೆ. ಎರಡು ಕಟ್ಟಿನಿಂದಲೂ ಗಟ್ಟಿಯಾದ ಒಂದೊಂದು ಹಾಳೆ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಉಳಿದದ್ದನ್ನು ಅದರ ಜೊತೆ ಹೋಲಿಸುತ್ತೇನೆ. ಹತ್ತು ಹದಿನೈದು ಹಾಳೆ ಆದ ಮೇಲೆ ಕಣ್ಣು ದಣಿದು ಅಂಕ ಏರುಪೇರಾಗುತ್ತದೆ. ಆಗ ಮೊದಲ ಎರಡು ಹಾಳೆ ಮತ್ತೆ ಓದುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

'ಬೇಡ' ಕಟ್ಟಿನ ಗಟ್ಟಿ ಹಾಳೆ ಒಬ್ಬ ಹುಡುಗಿಯದು. 'ಬೇಗ ಬಿಟ್ಟರೆ ಹುಡುಗರು ಸಂತೆಗೆ ಹೋಗುತ್ತಾರೆ, ನಮ್ಮನ್ನು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಕೂರಿಸುತ್ತಾರೆ. ಶಾಲೆ ಇದ್ದರೆ ಮಾತ್ರ ನಾವು ಕೂತು ಓದಬಹುದು' ಅಂತ ಬರೆದಿದ್ದಳು. ಇಷ್ಟು ದಿನ ಇದು ನನಗೇ ಹೊಳೆದಿರಲಿಲ್ಲ.

ಇವೆರಡನ್ನೂ ತರಗತಿಯಲ್ಲಿ ಹೆಸರು ಹೇಳದೆ ಓದಿದೆ. ನಿಮ್ಮ ಮನಸ್ಸು ಅಲ್ಲಾಡಿಸಿದ ಸಾಲು ಯಾವುದು ಅಂತ ಕೇಳಿದೆ. ಎಲ್ಲರೂ ಎತ್ತಿದ್ದು ಹಾಜರಿ ಪುಸ್ತಕದ ಸಾಲು, ತಮ್ಮನ ಸಾಲು. ಮಾನಕ (ಅಂಕ ಕೊಡುವ ಅಳತೆಗೋಲು) ಅಂದರೆ ಏನು ಅಂತ ಬೋರ್ಡಿನ ಮೇಲೆ ಅರ್ಧ ಗಂಟೆ ವಿವರಿಸಿದ್ದರೂ ಅಷ್ಟು ತಿಳಿಯುತ್ತಿರಲಿಲ್ಲ.

ಗುರುವಾರ ಎಚ್ಚೆಮ್ ಸರ್ ತರಗತಿಗೇ ಬಂದರು. ಹಾಳೆಗಳನ್ನು ಪೂರ್ತಿ ಓದಿದ್ದರು. ಸೊಪ್ಪಿನ ಹುಡುಗನನ್ನು ಎಬ್ಬಿಸಿ, 'ಆ 11 ಜನರಲ್ಲಿ ಸಂತೆಗೆ ಹೋದವರು ಎಷ್ಟು ಜನ ಮರಿ?' ಅಂದರು. ಅವನಿಗೆ ಗೊತ್ತಿರಲಿಲ್ಲ. ತಲೆ ಕೆಳಗೆ ಹಾಕಿ ನಿಂತ. ನನಗೂ ಕಸಿವಿಸಿ ಆಯಿತು, ಯಾಕೆಂದರೆ ಆ ಪ್ರಶ್ನೆಯನ್ನು ಅಂಚಿನಲ್ಲಿ ನಾನು ಬರೆಯಬೇಕಿತ್ತು.

ಶನಿವಾರ ಅವನು ಹಾಳೆ ವಾಪಸ್ ತಂದುಕೊಟ್ಟ. ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದಿದ್ದ. 11 ಅನ್ನು ಹೊಡೆದು 7 ಮಾಡಿದ್ದ. ಕೆಳಗೆ ಬರೆದಿದ್ದ: '2 ಜನಕ್ಕೆ ಜ್ವರ. 2 ಜನ ಹೇಳಲಿಲ್ಲ.' ಆಧಾರದ ಅಂಕವನ್ನು 4ರಿಂದ 6ಕ್ಕೆ ಏರಿಸಿದೆ. 'ಪಾಟ' ಹಾಗೇ ಇತ್ತು. ಅದರ ಪಕ್ಕ ಪೆನ್ಸಿಲ್‌ನಲ್ಲಿ 'ಠ' ಬರೆದು ಕೊಟ್ಟೆ.