ಹವಾಯಿಯ ಲಾವಾ ದಂಡೆ: ಹಳೆಯ ಕಾಲುದಾರಿಯಲ್ಲಿ ನಡೆಯುವುದು ಹೇಗೆ?

ಹವಾಯಿ ದ್ವೀಪಸಮೂಹದ ಅತಿ ದೊಡ್ಡ ದ್ವೀಪದಲ್ಲಿ, ಉತ್ತರದ ಉಪೊಲು ಭೂಶಿರದಿಂದ ಪಶ್ಚಿಮ ದಂಡೆಯನ್ನು ಹಿಡಿದು ದಕ್ಷಿಣದ ತುದಿಯನ್ನು ಬಳಸಿ ಪೂರ್ವಕ್ಕೆ ಹೊರಳುವ ಸುಮಾರು 280 ಕಿಲೊಮೀಟರ್ ಉದ್ದದ ‘ಆಲ ಕಹಕಾಯ್’ ಎಂಬ ಹಾದಿಯಿದೆ. ಊರಿನಿಂದ ಊರಿಗೆ, ಮೀನುಕೊಳಗಳಿಂದ ದೇವಸ್ಥಾನಗಳಿಗೆ ಹವಾಯಿಯ ಜನ ನಡೆದಾಡುತ್ತಿದ್ದ ದಾರಿ ಇದು. ಅಮೆರಿಕ ಸರ್ಕಾರ ಇದನ್ನು 2000ದಲ್ಲಿ ರಾಷ್ಟ್ರೀಯ ಐತಿಹಾಸಿಕ ಹಾದಿ ಎಂದು ಘೋಷಿಸಿತು. ಆದರೆ ಹಾದಿ ಇಂದಿಗೂ ಅಖಂಡವಾಗಿ ತೆರೆದಿಲ್ಲ. ಕೆಲವು ತುಂಡುಗಳು ಮಾತ್ರ ಸಾರ್ವಜನಿಕರ ನಡಿಗೆಗೆ ಲಭ್ಯವಿವೆ. ಆದ್ದರಿಂದ ಮೊದಲ ಕೆಲಸವೆಂದರೆ ಇಡೀ ಹಾದಿಯ ಆಸೆಯನ್ನು ಬಿಟ್ಟು, ದಿನಕ್ಕೊಂದು ಚಿಕ್ಕ ತುಂಡನ್ನು ಆರಿಸಿಕೊಳ್ಳುವುದು. ಈ ದಂಡೆಯ ಚರಿತ್ರೆ ಕಾಲಡಿಯ ಕಲ್ಲುಗಳಲ್ಲಿಯೇ ಇರುವುದರಿಂದ ಬಿರುಸಾಗಿ ನಡೆದವರಿಗೆ ಅದು ಕಾಣಿಸುವುದಿಲ್ಲ.

ಹೊರಡುವ ಮುನ್ನ ನೆಲದ ಬಗೆಯನ್ನು ತಿಳಿದಿರಬೇಕು. ಇಲ್ಲಿ ಲಾವಾ ಎರಡು ರೂಪಗಳಲ್ಲಿ ಹೆಪ್ಪುಗಟ್ಟಿದೆ. ‘ಪಾಹೋಯ್‌ಹೋಯ್’ ನುಣುಪಾಗಿ, ಹಗ್ಗದ ಸುರುಳಿಗಳಂತೆ ಹರಡಿಕೊಂಡಿರುತ್ತದೆ; ‘ಆಆ’ ಒರಟಾದ, ಅಲುಗಾಡುವ ಚೂಪು ಕಲ್ಲುಗಳ ರಾಶಿಯಾಗಿದ್ದು, ಅದರ ಮೇಲೆ ಬಿದ್ದರೆ ಅಂಗೈ ಹರಿಯುವುದು ಖಚಿತ. ಇಂಥ ಕಡೆಗಳಲ್ಲಿ ಹಿಂದಿನವರು ಅಲೆಗಳು ಉಜ್ಜಿ ನುಣುಪಾಗಿಸಿದ ಕಲ್ಲುಗಳನ್ನು ಹೊತ್ತು ತಂದು, ಹೆಜ್ಜೆಗೊಂದರಂತೆ ಜೋಡಿಸಿಟ್ಟಿದ್ದರು. 1803ರಲ್ಲಿ ಕುದುರೆಗಳು ದ್ವೀಪಕ್ಕೆ ಬಂದ ಮೇಲೆ ದಾರಿಗಳು ಅಗಲವಾಗಿ, ನೇರವಾಗಿ, ಎರಡೂ ಬದಿಗೆ ಅಂಚುಗಲ್ಲುಗಳೊಡನೆ ರೂಪುಗೊಂಡವು. ಸಾಲು ಮೆಟ್ಟುಗಲ್ಲು ಕಂಡರೆ ಬರಿಗಾಲಿನ ಕಾಲದ ದಾರಿ, ಅಂಚುಗಲ್ಲು ಕಂಡರೆ ಕುದುರೆ ಕಾಲದ ದಾರಿ ಎಂದು ಸ್ಥೂಲವಾಗಿ ಗುರುತಿಸಬಹುದು.

ಪಾದರಕ್ಷೆಯಲ್ಲಿ ರಾಜಿ ಬೇಡ. ಗಟ್ಟಿ ಅಡಿಯ, ಬೆರಳು ಮುಚ್ಚುವ ಬೂಟು ಇರಲೇಬೇಕು. ಕಾರಣ ಲಾವಾ ಒಂದೇ ಅಲ್ಲ: ದಂಡೆಯುದ್ದಕ್ಕೂ ಬೆಳೆದಿರುವ ಕಿಯಾವೆ ಮರ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು, ಅದರ ಮುಳ್ಳು ತೆಳುವಾದ ಚಪ್ಪಲಿಯನ್ನು ಸಲೀಸಾಗಿ ತೂರಿಬಿಡುತ್ತದೆ. ಪಶ್ಚಿಮ ದಂಡೆ ಮಳೆಯ ಮರೆಯಲ್ಲಿರುವುದರಿಂದ ನೆರಳು ವಿರಳ, ಕಪ್ಪು ಕಲ್ಲು ಬಿಸಿಲನ್ನು ಹೀರಿ ಕಾಯುತ್ತದೆ. ತಲಾ ಮೂರು ಲೀಟರ್ ನೀರು, ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಇರಲಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಬೆರೆತ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ನಿಷೇಧಿಸಿದೆ. ಬೆಂಗಳೂರಿನಿಂದ ಕೊಂಡೊಯ್ಯುವವರು ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿಕೊಳ್ಳುವುದು ಒಳ್ಳೆಯದು.

ಮೊದಲ ದಿನಕ್ಕೆ ಕವಾಯ್‌ಹಾಯೆ ಬಳಿಯ ಪುಉಕೊಹೊಲಾ ದೇವಸ್ಥಾನದಿಂದ ಹಾಪುನಾ ಕಡಲತೀರದವರೆಗಿನ ತುಂಡು ಸೂಕ್ತ. ಬೆಳಿಗ್ಗೆ ಬೇಗ ತಲುಪಿ, ಮೊದಲು ದೇವಸ್ಥಾನದ ಜಗಲಿಯನ್ನು ಹೊರಗಿನಿಂದ ನೋಡಬೇಕು. ಒಳಗೆ ಕಾಲಿಡಲು ಅನುಮತಿಯಿಲ್ಲ. ದ್ವೀಪಗಳನ್ನೆಲ್ಲ ಒಂದಾಗಿಸಲು ಹೊರಟಿದ್ದ ಕಮೆಹಮೆಹಾ ಇದನ್ನು 1790–91ರಲ್ಲಿ ಗಾರೆಯಿಲ್ಲದೆ, ಬರೀ ಕಲ್ಲಿನಿಂದ ಕಟ್ಟಿಸಿದ. ಮೂವತ್ತು ಕಿಲೊಮೀಟರಿಗೂ ದೂರದ ಪೊಲೊಲೂ ಕಣಿವೆಯಿಂದ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದರೆಂಬುದು ಸ್ಥಳೀಯ ಪರಂಪರೆಯ ಮಾತು. ಪ್ರತಿಷ್ಠಾಪನೆಯ ವೇಳೆಗೆ ಅಲ್ಲಿಗೆ ಬಂದಿಳಿದ ಎದುರಾಳಿ ದೊರೆ ಕೆಯೋವಾ ಹತನಾದ. 1810ರ ಹೊತ್ತಿಗೆ ದ್ವೀಪಗಳೆಲ್ಲ ಒಂದೇ ಆಳ್ವಿಕೆಗೆ ಬಂದವು. ಇಷ್ಟನ್ನು ತಿಳಿದು ದಕ್ಷಿಣಕ್ಕೆ ಹೆಜ್ಜೆ ಹಾಕಿದರೆ, ಸ್ಪೆನ್ಸರ್ ಕಡಲತೀರವನ್ನು ದಾಟಿ, ಮರಗಳ ನಡುವೆ ಏರಿಳಿಯುತ್ತ, ಹೋಟೆಲೊಂದರ ಮುಂದಿನ ಮರಳನ್ನು ಹಾದು ಹಾಪುನಾ ಸೇರಬಹುದು. ಹೋಟೆಲ್ ಕಂಡು ಹಿಂಜರಿಯಬೇಕಿಲ್ಲ. ಹವಾಯಿಯಲ್ಲಿ ಕಡಲತೀರಗಳು ಸಾರ್ವಜನಿಕರ ಸ್ವತ್ತು.

ಸಂಜೆಗೆ ಪುಅಕೋ ಶಿಲಾಚಿತ್ರಗಳ ಕಿರುದಾರಿ. ಸುಮಾರು ಒಂದು ಕಿಲೊಮೀಟರ್ ನಡೆದರೆ ಲಾವಾ ಹಾಸಿನ ಮೇಲೆ ಕೆತ್ತಿದ 3000ಕ್ಕೂ ಹೆಚ್ಚು ರೂಪಗಳಿರುವ ಬಯಲು ಸಿಗುತ್ತದೆ. ಓರೆ ಬಿಸಿಲಿನಲ್ಲಿ ಗೆರೆಗಳು ಸ್ಪಷ್ಟವಾಗುತ್ತವೆ. ಅವುಗಳ ಮೇಲೆ ಕಾಲಿಡುವುದಾಗಲಿ, ಕಾಗದವಿಟ್ಟು ಅಚ್ಚು ತೆಗೆಯುವುದಾಗಲಿ ಕೂಡದು. ಉಷ್ಣವಲಯದಲ್ಲಿ ಸೂರ್ಯ ಮುಳುಗಿದ ಮೇಲೆ ಕತ್ತಲು ಬೇಗ ಕವಿಯುವುದರಿಂದ ಟಾರ್ಚ್ ಜೊತೆಗಿರಲಿ.

ಎರಡನೆಯ ದಿನ ದಕ್ಷಿಣದ ಹೋನೌನೌಗೆ ಹೋಗಬೇಕು. ನನ್ನ ಮಟ್ಟಿಗೆ ಇಡೀ ದಂಡೆಯಲ್ಲಿ ಇದಕ್ಕಿಂತ ಅರ್ಥಪೂರ್ಣವಾದ ಜಾಗ ಇನ್ನೊಂದಿಲ್ಲ. ‘ಕಪು’ ಎಂಬ ಕಠಿಣ ಕಟ್ಟಳೆಗಳನ್ನು ಮುರಿದವರಿಗೆ ಮರಣದಂಡನೆಯಾಗುತ್ತಿದ್ದ ಕಾಲದಲ್ಲಿ, ತಪ್ಪಿತಸ್ಥರು ಹೇಗಾದರೂ ಈ ಆವರಣವನ್ನು ಸೇರಿಬಿಟ್ಟರೆ ಪುರೋಹಿತರು ಶುದ್ಧಿ ಮಾಡಿ ಮರಳಿ ಬದುಕಲು ಬಿಡುತ್ತಿದ್ದರು; ಸೋತ ಯೋಧರಿಗೂ ಇಲ್ಲಿ ಅಭಯವಿತ್ತು. 1819ರಲ್ಲಿ ಆ ಕಟ್ಟಳೆಗಳ ವ್ಯವಸ್ಥೆಯೇ ಕೊನೆಗೊಂಡಿತು. ಸುಮಾರು 300 ಮೀಟರ್ ಉದ್ದ, ಐದು ಮೀಟರ್ ದಪ್ಪದ ಮಹಾಗೋಡೆಯನ್ನು ನೋಡಿದ ಬಳಿಕ ‘1871ರ ಹಾದಿ’ಯನ್ನು ಹಿಡಿಯಿರಿ. ಆ ವರ್ಷ ದುರಸ್ತಿಗೊಂಡ ದಾರಿಯಾದ್ದರಿಂದ ಆ ಹೆಸರು. ಕುದುರೆಗಳು ಬಂಡೆಯನ್ನೇರಲೆಂದು ಕಟ್ಟಿದ ಅಲಹಾಕ ಎಂಬ ಕಲ್ಲಿನ ಇಳಿಜಾರನ್ನು ಹತ್ತಿ, ಜನ ತೊರೆದುಹೋದ ಕಿಇಲಾಎ ಊರಿನ ಕಲ್ಲುಗೋಡೆಗಳವರೆಗೆ ಹೋಗಿ ಮರಳಬಹುದು.

ದಾರಿಯುದ್ದಕ್ಕೂ ಪಾಲಿಸಬೇಕಾದ ಶಿಸ್ತು ಕೆಲವಿದೆ. ಕಲ್ಲನ್ನು ಕದಲಿಸಬೇಡಿ, ಹೊಸ ಕಲ್ಲುಗುಡ್ಡೆ ಪೇರಿಸಬೇಡಿ. ಅವು ದಾರಿತೋರುವ ಗುರುತುಗಳಾದ್ದರಿಂದ ಮುಂದಿನವರು ದಿಕ್ಕು ತಪ್ಪುತ್ತಾರೆ. ಮರಳ ಮೇಲೆ ಮಲಗಿದ ಹಸಿರು ಕಡಲಾಮೆಯಿಂದ ಕನಿಷ್ಠ ಮೂರು ಮೀಟರ್, ಮಂಕ್ ಸೀಲ್‌ನಿಂದ ಹದಿನೈದು ಮೀಟರ್ ದೂರವಿರಿ. ಚಳಿಗಾಲದಲ್ಲಿ ಅಲೆಗಳು ದೊಡ್ಡದಾಗಿರುತ್ತವೆ, ಒದ್ದೆಯಾದ ಬಂಡೆಯ ಮೇಲೆ ನಿಂತು ಫೋಟೊ ತೆಗೆಯಬೇಡಿ. ನೆಲ ಜೋರಾಗಿ ಕಂಪಿಸಿದರೆ ಸುನಾಮಿ ಎಚ್ಚರಿಕೆಯ ಸೈರನ್ನಿಗೆ ಕಾಯದೆ ಎತ್ತರದ ಕಡೆಗೆ ಹೋಗಬೇಕು.

ಇನ್ನೂ ಒಂದು ದಿನವಿದ್ದು ಮಂಡಿ ಗಟ್ಟಿಯಿದ್ದವರು ಕೆಅಲಕೆಕುವಾ ಕೊಲ್ಲಿಯ ಕಅವಲೋವಾಗೆ ಇಳಿಯಬಹುದು. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ 1779ರ ಫೆಬ್ರುವರಿ 14ರಂದು ಸತ್ತದ್ದು ಈ ದಂಡೆಯಲ್ಲಿ. ಅಲ್ಲಿ ಅವನ ಬಿಳಿಯ ಸ್ಮಾರಕವಿದೆ. ಸುಮಾರು ಮೂರು ಕಿಲೊಮೀಟರಿನಲ್ಲಿ 400 ಮೀಟರಿನಷ್ಟು ಇಳಿಯುವ ಈ ದಾರಿ ಹೋಗುವಾಗ ಹಗುರವೆನಿಸಿದರೂ, ಹಿಂತಿರುಗುವಾಗ ಅಷ್ಟನ್ನೂ ಬಿಸಿಲಲ್ಲಿ ಏರಬೇಕು. ಹಾಗಾಗಿ ತಂದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಏರುವ ಹೊತ್ತಿಗೆ ಉಳಿಸಿಕೊಂಡಿರಬೇಕು.