ಎಮಲ್ಷನ್‌ನ ಅಚ್ಚಿನಲ್ಲಿ ರಂಧ್ರಮಯ ಪಾಲಿಮರ್: ನನ್ನ ಅನುಭವ

ನೀರಿನ ಹನಿಗಳನ್ನು ಮೋನೊಮರ್‌ನಲ್ಲಿ (ಒಂದಕ್ಕೊಂದು ಸೇರಿ ಪಾಲಿಮರ್ ಆಗುವ ಚಿಕ್ಕ ಅಣುಗಳ ದ್ರವದಲ್ಲಿ) ದಟ್ಟವಾಗಿ ಹರಡಿ, ಸುತ್ತಲಿನ ಮೋನೊಮರ್ ಗಟ್ಟಿಯಾದ ಮೇಲೆ ನೀರನ್ನು ತೆಗೆದುಬಿಟ್ಟರೆ, ಹನಿಗಳಿದ್ದ ಜಾಗವೆಲ್ಲ ಖಾಲಿ ಕೋಶಗಳಾಗಿ ಉಳಿಯುತ್ತದೆ. ಹೀಗೆ ಸಿಗುವ ಹಗುರವಾದ ವಸ್ತುವಿಗೆ ಪಾಲಿಹೈಪ್ ಎಂಬ ಹೆಸರು ಬಂದದ್ದು ಯೂನಿಲಿವರ್ ಸಂಸ್ಥೆಯ ಬಾರ್ಬಿ ಮತ್ತು ಹಕ್ ಎಂಬ ಸಂಶೋಧಕರ 1982ರ ಪೇಟೆಂಟ್‌ನಿಂದ. ಒಂದೇ ಗಾತ್ರದ ಗೋಳಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಅವು ಒಟ್ಟು ಜಾಗದ ಶೇ. 74ಕ್ಕಿಂತ ಹೆಚ್ಚು ತುಂಬಲಾರವು. ಒಳಗಿನ ನೀರು ಈ ಮಿತಿಯನ್ನು ದಾಟಿದ ಎಮಲ್ಷನ್‌ನಲ್ಲಿ (ಒಂದು ದ್ರವದೊಳಗೆ ಇನ್ನೊಂದು ದ್ರವ ಹನಿಗಳಾಗಿ ಹರಡಿದ ಮಿಶ್ರಣದಲ್ಲಿ) ಹನಿಗಳು ಒಂದನ್ನೊಂದು ಒತ್ತಿಕೊಂಡು ಬಹುಮುಖಿಗಳಾಗುತ್ತವೆ, ಅವುಗಳ ನಡುವೆ ಮೋನೊಮರ್‌ನ ತೆಳುವಾದ ಪೊರೆ ಮಾತ್ರ ಉಳಿಯುತ್ತದೆ.

ದ್ರವವು ಸರಾಗವಾಗಿ ಹಾದುಹೋಗುವ, ಮುಂದೆ ಅದರ ಗೋಡೆಗಳ ಮೇಲೆ ಕ್ರಿಯಾಶೀಲ ಗುಂಪುಗಳನ್ನು (ಬೇರೆ ರಾಸಾಯನಿಕಗಳೊಡನೆ ವರ್ತಿಸುವ ಪರಮಾಣುಗುಂಪುಗಳನ್ನು) ಕೂರಿಸಬಹುದಾದ ಒಂದು ಇಡಿಯ ತುಂಡು ನನಗೆ ಬೇಕಾಗಿತ್ತು. ಸಾಮಾನ್ಯ ರೆಸಿನ್ ಮಣಿಗಳಲ್ಲಿ ರಾಸಾಯನಿಕವು ಮಣಿಯೊಳಕ್ಕೆ ನಿಧಾನವಾಗಿ ಇಳಿಯಬೇಕು. ಪಾಲಿಹೈಪ್‌ನಲ್ಲಿ ದ್ರವ ತಾನೇ ಕೋಶದಿಂದ ಕೋಶಕ್ಕೆ ಹರಿಯುತ್ತದೆ. ಹಾಗಾಗಬೇಕಾದರೆ ಕೋಶಗಳ ನಡುವೆ ಕಿಟಕಿಗಳು ತೆರೆದಿರಬೇಕು. ಈ ಕೆಲಸದಲ್ಲಿ ನನಗೆ ಮನದಟ್ಟಾದ ಮುಖ್ಯ ಸಂಗತಿಯೆಂದರೆ, ಕೋಶದ ಗಾತ್ರವೂ ಕಿಟಕಿಯ ಭವಿಷ್ಯವೂ ಬಹುಮಟ್ಟಿಗೆ ಎಮಲ್ಷನ್ ಇನ್ನೂ ಮೆತ್ತಗಿರುವಾಗಲೇ ತೀರ್ಮಾನವಾಗಿರುತ್ತವೆ.

ಶೇ. 90ರಷ್ಟು ರಂಧ್ರವಿರುವ ತುಂಡಿಗಾಗಿ ನಾನು ಬಳಸುವ ಪ್ರಮಾಣ ಹೀಗಿದೆ: ಸ್ಟೈರೀನ್ 9 ಮಿ.ಲೀ., ಡೈವಿನೈಲ್‌ಬೆಂಜೀನ್ 1 ಮಿ.ಲೀ., ಹನಿಗಳು ಒಂದಾಗದಂತೆ ಹಿಡಿದಿಡುವ ಸರ್ಫ್ಯಾಕ್ಟಂಟ್ ಆದ ಸ್ಪ್ಯಾನ್ 80 ಸುಮಾರು 2 ಗ್ರಾಂ; ಇನ್ನೊಂದು ಪಾತ್ರೆಯಲ್ಲಿ 90 ಮಿ.ಲೀ. ನೀರು, ಅದರಲ್ಲಿ ಪಾಲಿಮರೀಕರಣವನ್ನು ಶುರುಮಾಡುವ 0.2 ಗ್ರಾಂ ಪೊಟ್ಯಾಸಿಯಂ ಪರ್‌ಸಲ್ಫೇಟ್ ಮತ್ತು 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಮೋನೊಮರ್‌ಗಳು ಬಾಟಲಿಯಲ್ಲೇ ಪಾಲಿಮರ್ ಆಗಿಬಿಡದಂತೆ ತಯಾರಕರು ಸೇರಿಸಿರುವ ತಡೆಕಾರಕವನ್ನು ಕ್ಷಾರೀಯ ಅಲ್ಯುಮಿನಾ ಕಾಲಂ ಮೂಲಕ ಹಾಯಿಸಿ ಮೊದಲೇ ತೆಗೆಯುತ್ತೇನೆ. ಎರಡೂ ದ್ರಾವಣಗಳಿಗೆ ಬೇರೆಬೇರೆಯಾಗಿ ನೈಟ್ರೋಜನ್ ಗುಳ್ಳೆ ಹಾಯಿಸುವುದೂ ಈ ಹಂತದಲ್ಲೇ ಮುಗಿಯಬೇಕು. ಆಮ್ಲಜನಕ ಪಾಲಿಮರೀಕರಣವನ್ನು ತಡೆಯುತ್ತದೆ, ಮತ್ತು ಎಮಲ್ಷನ್ ಒಮ್ಮೆ ದಪ್ಪಗಾದ ಮೇಲೆ ಅದರೊಳಗಿನ ಗಾಳಿಯನ್ನು ಹೊರಹಾಕುವುದು ಬಹಳ ಕಷ್ಟ.

ಎಣ್ಣೆಭಾಗವನ್ನು, ಅಂದರೆ ಮೋನೊಮರ್ ಮಿಶ್ರಣವನ್ನು, ಅಗಲವಾದ ಟೆಫ್ಲಾನ್ ಪ್ಯಾಡಲ್‌ನಿಂದ ನಿಮಿಷಕ್ಕೆ ಸುಮಾರು 300 ಸುತ್ತಿನಂತೆ ಕಲಕುತ್ತಾ, ನೀರನ್ನು ಡ್ರಾಪಿಂಗ್ ಫನೆಲ್‌ನಿಂದ ಹನಿಹನಿಯಾಗಿ ಬಿಡುತ್ತೇನೆ. ಆರಂಭದಲ್ಲಿ ಆತುರ ಕೂಡದು. ಬಿದ್ದ ಹನಿ ಒಡೆದು ಸೇರಿಹೋಗುವ ಮೊದಲೇ ಮುಂದಿನ ಹನಿಗಳು ಬಂದು ನಿಂತರೆ ನೀರು ಹೊರಗೆ ಕೊಳದಂತೆ ಕೂಡಿಕೊಳ್ಳುತ್ತದೆ. ದ್ರವ ಮೊದಲು ಹಾಲುಬಣ್ಣಕ್ಕೆ ತಿರುಗಿ, ಮುಕ್ಕಾಲು ಭಾಗ ನೀರು ಹೋಗುವ ಹೊತ್ತಿಗೆ ಗಟ್ಟಿ ಮೊಸರಿನ ಹಾಗೆ ಪ್ಯಾಡಲ್‌ಗೆ ಅಂಟಿಕೊಳ್ಳುತ್ತದೆ. ಆಗ ಪಾತ್ರೆಯ ಅಂಚಿನಲ್ಲಿ ಕಲಕದ ಪದರ ಉಳಿಯದಂತೆ ಪ್ಯಾಡಲನ್ನು ಮೇಲೆ ಕೆಳಗೆ ಸರಿಸುತ್ತಿರಬೇಕು. ನೀರೆಲ್ಲ ಮುಗಿದ ಮೇಲೂ ಒಂದು ಗಂಟೆ ಕಲಕುವುದರಿಂದ ಹನಿಗಳ ಗಾತ್ರ ಹೆಚ್ಚು ಸಮವಾಗುತ್ತದೆ.

ಓವನ್‌ಗೆ ಇಡುವ ಮುನ್ನ ಒಂದು ಸಣ್ಣ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಗಾಜಿನ ಕಡ್ಡಿಯ ತುದಿಯಲ್ಲಿ ಎಮಲ್ಷನ್ ತೆಗೆದು ಒಂದಿಷ್ಟನ್ನು ನೀರಿಗೂ ಇನ್ನೊಂದಿಷ್ಟನ್ನು ಟಾಲ್ವೀನ್‌ಗೂ ಬಿಡುತ್ತೇನೆ. ನೀರಿನಲ್ಲಿ ಅದು ಮುದ್ದೆಯಾಗಿಯೇ ಉಳಿದು ಟಾಲ್ವೀನ್‌ನಲ್ಲಿ ಚದುರಿದರೆ, ಹೊರಗಿನ ಭಾಗ ಎಣ್ಣೆಯೇ ಎಂದು ಖಚಿತವಾಗುತ್ತದೆ. ನೀರಿನಲ್ಲಿ ಕೂಡಲೇ ಕರಗಿ ಬೆಳ್ಳಗೆ ಹರಡಿದರೆ ಎಮಲ್ಷನ್ ತಿರುವುಮುರುವಾಗಿದೆ ಎಂದರ್ಥ. ಅದನ್ನು ಬಿಸಿಮಾಡಿದರೆ ಸಿಗುವುದು ಪಾಲಿಮರ್‌ನ ಪುಡಿಯೇ ಹೊರತು ತುಂಡಲ್ಲ.

ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಏಕೆ ಬೇಕು ಎಂದು ಹೊಸಬರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಚಿಕ್ಕ ಹನಿಯೊಳಗಿನ ಒತ್ತಡ ದೊಡ್ಡ ಹನಿಯದಕ್ಕಿಂತ ಹೆಚ್ಚಿರುವುದರಿಂದ ನೀರು ಎಣ್ಣೆಯ ಪೊರೆಯ ಮೂಲಕ ಸ್ವಲ್ಪಸ್ವಲ್ಪವಾಗಿ ಚಿಕ್ಕದರಿಂದ ದೊಡ್ಡದಕ್ಕೆ ಸಾಗುತ್ತದೆ. ಉಪ್ಪು ಹಾಗೆ ಸಾಗಲಾರದು. ನೀರು ಕಳೆದುಕೊಂಡ ಚಿಕ್ಕ ಹನಿಯಲ್ಲಿ ಉಪ್ಪಿನ ಸಾಂದ್ರತೆ ಏರಿ, ಆ ಏರಿಕೆಯೇ ನೀರನ್ನು ಹಿಡಿದಿಡುತ್ತದೆ. ಉಪ್ಪಿಲ್ಲದೆ ಮಾಡಿದ ಎಮಲ್ಷನ್ 60 ಡಿಗ್ರಿ ಶಾಖದಲ್ಲಿ ಗಟ್ಟಿಯಾಗುವಷ್ಟರಲ್ಲಿ ಕೋಶಗಳು ಒರಟಾಗಿ, ಕೆಲವೊಮ್ಮೆ ತಳದಲ್ಲಿ ನೀರು ಬೇರ್ಪಟ್ಟು ನಿಲ್ಲುತ್ತದೆ.

ಎಮಲ್ಷನನ್ನು ಪಾಲಿಎಥಿಲೀನ್ ಬಾಟಲಿಗೆ ತುಂಬಿ, ಸಿಕ್ಕಿಕೊಂಡ ಗಾಳಿಗುಳ್ಳೆ ಮೇಲೇರುವಂತೆ ಮೇಜಿಗೆ ಮೆಲ್ಲನೆ ತಟ್ಟಿ, ಮುಚ್ಚಳ ಬಿಗಿದು 60 ಡಿಗ್ರಿಯಲ್ಲಿ 48 ಗಂಟೆ ಇಡುತ್ತೇನೆ. ಪಾಲಿಸ್ಟೈರೀನ್ ಪಾತ್ರೆ ಇಲ್ಲಿ ಸಲ್ಲದು, ಮೋನೊಮರ್ ಅದನ್ನೇ ಕರಗಿಸುತ್ತದೆ. ಗಾಜಿನದಾದರೆ ತುಂಡನ್ನು ಹೊರತೆಗೆಯಲು ಒಡೆಯಬೇಕಾಗುತ್ತದೆ. ಪ್ಲಾಸ್ಟಿಕ್ ಬಾಟಲಿಯನ್ನು ಬ್ಲೇಡಿನಿಂದ ಸೀಳಿದರೆ ಸಾಕು.

ಕಿಟಕಿಗಳು ಯಾವಾಗ ತೆರೆಯುತ್ತವೆ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಮೋನೊಮರ್ ಪಾಲಿಮರ್ ಆಗುವಾಗ ಅದರ ಗಾತ್ರ ಕುಗ್ಗುತ್ತದೆ, ಆ ಎಳೆತಕ್ಕೆ ಹನಿಗಳ ನಡುವಿನ ಅತಿ ತೆಳುವಾದ ಪೊರೆ ಜೆಲ್ ಆಗುವ ಹೊತ್ತಿನಲ್ಲಿ ಸೀಳುತ್ತದೆ ಎಂಬುದು ಒಂದು. ತೊಳೆದು ಒಣಗಿಸುವಾಗ ಪೊರೆ ಒಡೆಯುತ್ತದೆ ಎಂಬುದು ಇನ್ನೊಂದು. ನನ್ನ ಒಲವು ಮೊದಲನೆಯದರ ಕಡೆಗೆ. ಯಾವುದು ಸರಿಯಾದರೂ ಪೊರೆ ತೆಳುವಾಗಿರಬೇಕು, ಮತ್ತು ಅದನ್ನು ತೆಳುವಾಗಿಸುವುದು ಸರ್ಫ್ಯಾಕ್ಟಂಟ್. ಲಾಸ್ ಅಲಾಮೋಸ್‌ನ ವಿಲಿಯಮ್ಸ್ ಮತ್ತು ರೊಬ್ಲೆಸ್ಕಿ 1988ರಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ: ತೆರೆದ ಕೋಶವೋ ಮುಚ್ಚಿದ ಕೋಶವೋ ಎಂಬುದನ್ನು ನೀರಿನ ಪ್ರಮಾಣಕ್ಕಿಂತ ಸರ್ಫ್ಯಾಕ್ಟಂಟ್‌ನ ಪ್ರಮಾಣವೇ ಹೆಚ್ಚಾಗಿ ನಿರ್ಧರಿಸುತ್ತದೆ. ಅದು ಎಣ್ಣೆಭಾಗದ ಶೇ. 5ಕ್ಕಿಂತ ಕಡಿಮೆಯಾದರೆ ಕೋಶಗಳು ಮುಚ್ಚಿಯೇ ಉಳಿಯುತ್ತವೆ. ಆದ್ದರಿಂದಲೇ ಸ್ಪ್ಯಾನ್ 80ರ ವಿಷಯದಲ್ಲಿ ಜಿಪುಣತನ ಮಾಡಬಾರದೆಂದು ಹೇಳುತ್ತೇನೆ.

ಹೊರಬಂದ ತುಂಡು ಒದ್ದೆಯಾಗಿ ಭಾರವಾಗಿರುತ್ತದೆ. ಸಾಕ್ಸ್‌ಲೆಟ್‌ನಲ್ಲಿ (ದ್ರಾವಕ ಮತ್ತೆಮತ್ತೆ ಹಾಯುವ ಉಪಕರಣದಲ್ಲಿ) ಮೊದಲು ನೀರಿನಿಂದ, ಆಮೇಲೆ ಐಸೊಪ್ರೊಪನಾಲ್‌ನಿಂದ ಒಂದೊಂದು ದಿನ ತೊಳೆದು, ನಿರ್ವಾತದಲ್ಲಿ 50 ಡಿಗ್ರಿಗೆ ಒಣಗಿಸುತ್ತೇನೆ. ಐಸೊಪ್ರೊಪನಾಲ್ ತೊಳೆತವನ್ನು ಮೊಟಕುಗೊಳಿಸಿದರೆ ಸ್ಪ್ಯಾನ್ 80 ಗೋಡೆಗಳಲ್ಲೇ ಉಳಿದು ತುಂಡು ಜಿಡ್ಡುಜಿಡ್ಡಾಗಿರುತ್ತದೆ. ಸರಿಯಾಗಿ ಒಣಗಿದ ತುಂಡಿನ ಸಾಂದ್ರತೆ ಘನ ಸೆಂ.ಮೀ.ಗೆ 0.1 ಗ್ರಾಂ ಆಸುಪಾಸಿನಲ್ಲಿರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತು ಮೈಕ್ರಾನ್ ಆಸುಪಾಸಿನ ದುಂಡನೆಯ ಕೋಶಗಳೂ, ಪ್ರತಿ ಕೋಶದ ಗೋಡೆಯಲ್ಲಿ ನೆರೆಕೋಶಕ್ಕೆ ತೆರೆದ ಹಲವು ಕಿಟಕಿಗಳೂ ಕಾಣುತ್ತವೆ. ಇಷ್ಟೆಲ್ಲ ರಂಧ್ರವಿದ್ದರೂ ಮೇಲ್ಮೈ ವಿಸ್ತೀರ್ಣ ಗ್ರಾಂಗೆ ಕೆಲವೇ ಚದರ ಮೀಟರ್‌ಗಳಷ್ಟು. ಡೈವಿನೈಲ್‌ಬೆಂಜೀನ್ ಹೆಚ್ಚಿಸಿ ಎಣ್ಣೆಭಾಗಕ್ಕೆ ಟಾಲ್ವೀನ್ ಸೇರಿಸಿದರೆ ಗೋಡೆಯಲ್ಲೇ ಸೂಕ್ಷ್ಮರಂಧ್ರಗಳು ಮೂಡಿ ವಿಸ್ತೀರ್ಣ ನೂರಾರು ಚದರ ಮೀಟರ್‌ಗೆ ಏರುತ್ತದೆ, ಆದರೆ ತುಂಡು ಬೆರಳೊತ್ತಿಗೇ ಪುಡಿಯಾಗುವಷ್ಟು ದುರ್ಬಲವಾಗುತ್ತದೆ.

ಕ್ರಿಯಾಶೀಲ ಗುಂಪು ಬೇಕಾದಾಗ ಸ್ಟೈರೀನ್ ಬದಲು ವಿನೈಲ್‌ಬೆಂಜೈಲ್ ಕ್ಲೋರೈಡ್ ಬಳಸುತ್ತೇನೆ. ಅದು ಕಣ್ಣಿಗೆ ತೀವ್ರವಾಗಿ ಉರಿ ತರುವ ರಾಸಾಯನಿಕ. ಫ್ಯೂಮ್ ಹುಡ್‌ನ ಹೊರಗೆ ಬಾಟಲಿಯ ಮುಚ್ಚಳ ತೆಗೆಯಲೇಬಾರದು. ಈ ಮೋನೊಮರ್ ತಾನೂ ನೀರು-ಎಣ್ಣೆಯ ಗಡಿಯಲ್ಲಿ ಕೂತು ಹನಿಗಳನ್ನು ಇನ್ನಷ್ಟು ಚಿಕ್ಕದಾಗಿಸುವುದರಿಂದ ಕೋಶಗಳು ಕೆಲವೇ ಮೈಕ್ರಾನ್‌ಗೆ ಇಳಿಯುತ್ತವೆ, ದ್ರವದ ಹರಿವಿಗೆ ಹೆಚ್ಚು ಒತ್ತಡ ಬೇಕಾಗುತ್ತದೆ. ಕೋಶ ದೊಡ್ಡದಾಗಬೇಕಿದ್ದರೆ ನೀರಿನ ಭಾಗವನ್ನು ಬಿಸಿಮಾಡಿ ಸೇರಿಸುವುದು ಒಂದು ದಾರಿ. ಸರ್ಫ್ಯಾಕ್ಟಂಟ್ ಮಾತ್ರ ಮೊದಲಿನಷ್ಟೇ ಇರಲಿ.